ಗಣಿತದೊಳಗಣ ಹಳ್ಳಿ: ಮೊಬೈಲು ಜಾಲಗಳ ಅನುಕರಣಶಾಸ್ತ್ರದ ಚರಿತ್ರೆ

೧

ಕಾರ್ಯಕ್ಕೆ ಕೈಯಿಡುವ ಮೊದಲೇ ಅದರ ಫಲವನ್ನು ಅರಿಯಬೇಕೆಂಬ ಇಚ್ಛೆಯು ಮನುಷ್ಯನಿಗೆ ಸಹಜವಾದುದು. ಕೆರೆಯನ್ನು ಕಟ್ಟಿಸತಕ್ಕವನು ಏರಿಯನ್ನು ಹಾಕುವುದಕ್ಕೆ ಮುಂಚೆ ಹಳ್ಳದ ಓಟವನ್ನೂ ನೆಲದ ಇಳಿಜಾರನ್ನೂ ನೋಡಿಕೊಳ್ಳುವನು. ಶಿಲ್ಪಿಯು ಉಳಿಯನ್ನು ಎತ್ತುವುದಕ್ಕೆ ಮುಂಚೆ ಕಲ್ಲಿನ ಮೇಲೆ ಸೂತ್ರವನ್ನು ಹಿಡಿದು ರೇಖೆಯನ್ನೆಳೆಯುವನು. ಏರಿಯು ಒಡೆದ ಮೇಲೆ, ಕಲ್ಲು ಸೀಳಿದ ಮೇಲೆ ಲೆಕ್ಕವು ತಪ್ಪಿತೆಂದು ತಿಳಿದರೆ ಪ್ರಯೋಜನವೇನು? ಈ ಕಾಲದ ಮೊಬೈಲು ದೂರವಾಣಿಯ ಜಾಲಗಳಿಗೂ ಈ ಮಾತು ಸಲ್ಲುವುದು. ಒಂದು ಟವರನ್ನು ನಿಲ್ಲಿಸುವುದಕ್ಕೆ ಲಕ್ಷಗಟ್ಟಲೆ ರೂಪಾಯಿಗಳು ಬೇಕು. ದೇಶಕ್ಕೆಲ್ಲ ಲಕ್ಷಗಟ್ಟಲೆ ಟವರುಗಳು ಬೇಕು. ಆದುದರಿಂದ ಯಂತ್ರಶಾಸ್ತ್ರಜ್ಞರು ನೆಲದ ಮೇಲೆ ಕಬ್ಬಿಣದ ಒಂದು ತುಂಡನ್ನೂ ನೆಡುವುದಕ್ಕೆ ಮೊದಲು ಗಣಕಯಂತ್ರದೊಳಗೆ ಒಂದು ಪ್ರದೇಶವನ್ನು ಕಲ್ಪಿಸಿ, ಅಲ್ಲಿ ಲೆಕ್ಕದ ಟವರುಗಳನ್ನು ನಿಲ್ಲಿಸಿ, ಲೆಕ್ಕದ ಜನರ ಕೈಗೆ ಲೆಕ್ಕದ ಮೊಬೈಲುಗಳನ್ನು ಕೊಟ್ಟು, ಯಾರ ಮಾತು ಯಾರಿಗೆ ಮುಟ್ಟುವುದೆಂಬುದನ್ನು ಎಣಿಸಿ ನೋಡುವರು. ಇದಕ್ಕೆ ಅನುಕರಣವೆಂದು ಹೆಸರು.

ಈ ಅನುಕರಣವು ಕೇವಲ ಪಂಡಿತರ ವಿನೋದವಲ್ಲ. ಯಾವ ವಿಧಾನವು ಜಗತ್ತಿಗೆಲ್ಲ ಸಮ್ಮತವಾಗಬೇಕು, ಯಾವುದು ಬಿದ್ದುಹೋಗಬೇಕು ಎಂಬುದು ಇದರ ತೀರ್ಪಿನಿಂದಲೇ ನಿಶ್ಚಯವಾಗುವುದು. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂತಹ ಊರಿನಲ್ಲಿ ಒಬ್ಬನು ಮೊಬೈಲನ್ನು ಕಿವಿಗೆ ಹಿಡಿದು ಮಾಳಿಗೆಯನ್ನು ಹತ್ತಬೇಕಾದರೆ, ಅದಕ್ಕೆ ಟವರಿನ ದೂರವೊಂದೇ ಕಾರಣವಲ್ಲ. ಎಷ್ಟೋ ವರ್ಷಗಳ ಹಿಂದೆ, ಎಷ್ಟೋ ದೂರದ ಸಭೆಯೊಂದರಲ್ಲಿ, "ಹಳ್ಳಿಯೆಂದರೆ ಹೀಗಿರತಕ್ಕದ್ದು" ಎಂದು ಬರೆದಿಟ್ಟ ಒಂದು ಪಂಕ್ತಿಯೂ ಕಾರಣವಾಗಿರಬಹುದು. ಆ ಪಂಕ್ತಿಯು ಹೇಗೆ ಬಂದಿತು, ಹೇಗೆ ತಿದ್ದಲ್ಪಟ್ಟಿತು, ಇನ್ನೂ ತಿದ್ದದೆ ಉಳಿದುದೇನು ಎಂಬುದೇ ಇಲ್ಲಿಯ ವಿಷಯ.

೨

ದೂರವಾಣಿಯ ಗಣಿತಕ್ಕೆ ಆದಿಪುರುಷನೆಂದು ಎಣಿಸಲ್ಪಡುವವನು ಡೆನ್ಮಾರ್ಕ್ ದೇಶದ ಆಗ್ನರ್ ಕ್ರಾರುಪ್ ಏರ್ಲಾಂಗ್ (೧೮೭೮–೧೯೨೯). ಕೋಪನ್‌ಹೇಗನ್ ನಗರದ ದೂರವಾಣಿ ಕಂಪನಿಯಲ್ಲಿ ಉದ್ಯೋಗದಲ್ಲಿದ್ದ ಈ ಗಣಿತಜ್ಞನ ಎದುರಿಗೆ ಒಂದು ವ್ಯಾವಹಾರಿಕ ಪ್ರಶ್ನೆಯಿದ್ದಿತು. ಚಂದಾದಾರರು ಸಾವಿರಾರು ಮಂದಿ. ಎಲ್ಲರೂ ಒಂದೇ ಕಾಲಕ್ಕೆ ಮಾತನಾಡುವುದಿಲ್ಲ. ಹಾಗಾದರೆ ಎಷ್ಟು ತಂತಿಗಳನ್ನು ಹಾಕಿದರೆ ಸಾಕು? ೧೯೦೯ರ ತನ್ನ ಲೇಖನದಲ್ಲಿ ಅವನು ಕರೆಗಳ ಆಗಮನವು ಪ್ವಾಸೋನನ ಸಂಭಾವ್ಯತಾ ನಿಯಮವನ್ನು ಅನುಸರಿಸುವುದೆಂದು ತೋರಿಸಿದನು. ೧೯೧೭ರಲ್ಲಿ, ತಂತಿಗಳೆಲ್ಲ ತುಂಬಿರುವ ಕಾರಣದಿಂದ ನೂರರಲ್ಲಿ ಎಷ್ಟು ಕರೆಗಳು ಹಿಂದಿರುಗುವುವೆಂಬುದಕ್ಕೆ ಸೂತ್ರವನ್ನು ಕೊಟ್ಟನು. ದೂರವಾಣಿಯ ಭಾರವನ್ನು ಅಳೆಯುವ ಮಾನಕ್ಕೆ ೧೯೪೬ರಲ್ಲಿ ಅವನ ಹೆಸರನ್ನೇ ಇಟ್ಟರು. ಒಂದು ತಂತಿಯು ಒಂದು ಗಂಟೆಯ ಕಾಲ ಬಿಡುವಿಲ್ಲದೆ ಕೆಲಸಮಾಡಿದರೆ ಅದು ಒಂದು ಏರ್ಲಾಂಗ್.

ಈ ಸೂತ್ರದ ಸ್ವಭಾವವು ಒಂದು ಉದಾಹರಣೆಯಿಂದ ತಿಳಿದೀತು. ಹತ್ತು ತಂತಿಗಳಿರುವ ಕಚೇರಿಗೆ ೫ ಏರ್ಲಾಂಗ್ ಭಾರ ಬಂದರೆ ನೂರರಲ್ಲಿ ಸುಮಾರು ಎರಡು ಕರೆಗಳು ಮಾತ್ರ ವ್ಯರ್ಥವಾಗುವುವು. ಭಾರವು ೭ ಏರ್ಲಾಂಗಿಗೆ ಏರಿದರೆ ನೂರರಲ್ಲಿ ಸುಮಾರು ಎಂಟು ಕರೆಗಳು ವ್ಯರ್ಥವಾಗುವುವು. ಭಾರವು ಒಂದೂವರೆ ಪಾಲಿನಷ್ಟೂ ಆಗಲಿಲ್ಲ. ತೊಂದರೆಯು ನಾಲ್ಕು ಪಾಲಾಯಿತು. ಜಾಲಗಳು ಮೆಲ್ಲಮೆಲ್ಲನೆ ಕೆಡುವುದಿಲ್ಲ. ಒಂದು ಮಿತಿಯ ಹತ್ತಿರ ಬಂದೊಡನೆ ತಟ್ಟನೆ ಕೆಡುತ್ತವೆ. ಅನುಕರಣದ ಅಗತ್ಯವು ಇಲ್ಲಿಂದಲೇ ಹುಟ್ಟಿತೆಂದರೂ ತಪ್ಪಾಗಲಾರದು.

ಆದರೆ ಏರ್ಲಾಂಗನ ಸೂತ್ರಕ್ಕೆ ಒಂದು ಆಧಾರಕಲ್ಪನೆಯುಂಟು. ಪ್ರತಿಯೊಬ್ಬನೂ ಇನ್ನೊಬ್ಬನ ಗೊಡವೆಯಿಲ್ಲದೆ ತನ್ನ ಇಚ್ಛೆಗೆ ಬಂದ ಕಾಲದಲ್ಲಿ ಕರೆಮಾಡುವನೆಂಬುದೇ ಆ ಕಲ್ಪನೆ. ಹಡಗಲಿ ಸೀಮೆಯವರಿಗೆ ಇದರ ಮಿತಿಯನ್ನು ವಿವರಿಸಬೇಕಾದುದಿಲ್ಲ. ಅದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನರು ಸೇರುತ್ತಾರೆ. ಡೆಂಗನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಆ ಸಮುದ್ರದಂತಹ ಜನಸ್ತೋಮವು ಉಸಿರು ಬಿಗಿಹಿಡಿದು ನಿಲ್ಲುವುದು. ಕಾರಣಿಕದ ವಾಕ್ಯವು ಹೊರಬಿದ್ದ ಮರುಕ್ಷಣವೇ ಮೌನವು ಒಡೆಯುವುದು. ಆಗ ಆ ವಾಕ್ಯವನ್ನು ಊರಿಗೆ ತಿಳಿಸಬೇಕೆಂಬ ಆತುರವು ಸಾವಿರಾರು ಮಂದಿಗೆ ಒಟ್ಟಿಗೇ ಹುಟ್ಟಿದರೆ, ಅಲ್ಲಿ ಪರಸ್ಪರ ಸಂಬಂಧವಿಲ್ಲದ ಕರೆಗಳೆಂಬ ಮಾತು ನಿಲ್ಲುವುದೆಲ್ಲಿ? ಒಂದು ವಾಕ್ಯವೇ ಎಲ್ಲ ಕರೆಗಳಿಗೂ ಕಾರಣವಾಗಿರುತ್ತದೆ. ವರ್ಷದ ಮುನ್ನೂರು ದಿನಗಳಿಗೆ ಸರಿಹೋಗುವ ಸೂತ್ರವು ಆ ಒಂದು ಗಳಿಗೆಗೆ ಸರಿಹೋಗದು. ಸೂತ್ರದಲ್ಲಿ ದೋಷವಿಲ್ಲ, ಸೂತ್ರವನ್ನು ಅನ್ವಯಿಸುವ ಸ್ಥಳವು ಬೇರೆ.

೩

ತಂತಿಯ ದೂರವಾಣಿಗೆ ಸೂತ್ರಗಳು ಸಾಕಾಗಿದ್ದುವು. ನಿಸ್ತಂತು ಬಂದ ಮೇಲೆ ಸಾಕಾಗಲಿಲ್ಲ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಿ. ಎಚ್. ರಿಂಗ್ ಎಂಬುವನು ಒಂದು ಟಿಪ್ಪಣಿಯಲ್ಲಿ ಹೊಸ ಯೋಚನೆಯನ್ನು ಬರೆದಿಟ್ಟನು. ಇಡೀ ನಗರಕ್ಕೆ ಒಂದು ದೊಡ್ಡ ನಿಸ್ತಂತು ಕೇಂದ್ರವಿರುವ ಬದಲು, ನಗರವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಒಂದೊಂದು ಕೋಶಕ್ಕೆ ಒಂದೊಂದು ಸಣ್ಣ ಕೇಂದ್ರವನ್ನಿಟ್ಟರೆ, ಒಂದು ಕೋಶದಲ್ಲಿ ಬಳಸಿದ ತರಂಗಗಳನ್ನೇ ದೂರದ ಇನ್ನೊಂದು ಕೋಶದಲ್ಲಿ ಮತ್ತೆ ಬಳಸಬಹುದು. ಕೋಶಗಳಿಗೆ ಜೇನುಹುಟ್ಟಿನ ಷಟ್ಕೋನಾಕಾರವನ್ನು ಕಲ್ಪಿಸಿದರು. ವೃತ್ತಗಳಿಂದ ನೆಲವನ್ನು ಸಂದಿಲ್ಲದೆ ಮುಚ್ಚಲಾಗದು. ಸಮಭುಜಾಕೃತಿಗಳಲ್ಲಿ ತ್ರಿಕೋನ, ಚತುರಸ್ರ, ಷಟ್ಕೋನಗಳಿಂದ ಮಾತ್ರ ಮುಚ್ಚಬಹುದು. ಇವುಗಳಲ್ಲಿ ವೃತ್ತಕ್ಕೆ ಹತ್ತಿರವಾದುದು ಷಟ್ಕೋನ. ಈ ಯೋಚನೆಯು ಕಾರ್ಯರೂಪಕ್ಕೆ ಬರುವುದಕ್ಕೆ ಮೂರು ದಶಕಗಳು ಬೇಕಾದುವು: ಟೋಕಿಯೋದಲ್ಲಿ ೧೯೭೯, ಚಿಕಾಗೋದಲ್ಲಿ ೧೯೮೩. ಭಾರತದಲ್ಲಿ ಮೊಬೈಲಿನ ಮೊದಲ ಕರೆಯು ೧೯೯೫ರ ಜುಲೈ ೩೧ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು.

ಕೋಶಗಳು ಹುಟ್ಟಿದೊಡನೆ ಲೆಕ್ಕವು ಕಠಿನವಾಯಿತು. ಒಬ್ಬನ ಮಾತು ಅವನ ಟವರಿಗೆ ಎಷ್ಟು ಸ್ಪಷ್ಟವಾಗಿ ಕೇಳುವುದೆಂಬುದು ಅವನ ದೂರವೊಂದನ್ನೇ ಅವಲಂಬಿಸಿಲ್ಲ. ನೆರೆಯ ಕೋಶಗಳಲ್ಲಿ ಅದೇ ತರಂಗದಲ್ಲಿ ಮಾತನಾಡುವವರೆಲ್ಲರ ಸದ್ದೂ ಅಡ್ಡಬರುವುದು. ಎಲ್ಲರೂ ಎಲ್ಲೆಲ್ಲಿ ನಿಂತಿರಬಹುದೆಂಬ ಸಾಧ್ಯತೆಗಳನ್ನೆಲ್ಲ ಎಣಿಸತಕ್ಕದ್ದು ಹೇಗೆ? ಛಂದಶ್ಶಾಸ್ತ್ರವನ್ನು ಓದಿದವರಿಗೆ ಪಿಂಗಲನ ಪ್ರಸ್ತಾರವು ನೆನಪಿರಬಹುದು. ಲಘು ಗುರುಗಳ ಎಲ್ಲ ವಿನ್ಯಾಸಗಳನ್ನೂ ಒಂದನ್ನೂ ಬಿಡದೆ ಬರೆಯುವ ಕ್ರಮವದು. ಆರು ಅಕ್ಷರಗಳ ಪಾದಕ್ಕೆ ೬೪ ವಿನ್ಯಾಸಗಳು. ಇಪ್ಪತ್ತನಾಲ್ಕು ಅಕ್ಷರಗಳಿಗೆ ೧,೬೭,೭೭,೨೧೬. ಅಕ್ಷರಕ್ಕೆ ಎರಡೇ ರೂಪಗಳಿದ್ದು ಇಷ್ಟಾದರೆ, ನೂರಾರು ಜನರಲ್ಲಿ ಒಬ್ಬೊಬ್ಬನೂ ಸಾವಿರಾರು ಸ್ಥಾನಗಳಲ್ಲಿ ಎಲ್ಲಿಯಾದರೂ ಇರಬಹುದಾದ ಪ್ರಸ್ತಾರವನ್ನು ಬರೆದು ಮುಗಿಸುವುದಕ್ಕೆ ಯಾವ ಗಣಕಯಂತ್ರದ ಆಯುಸ್ಸೂ ಸಾಲದು.

ಈ ಇಕ್ಕಟ್ಟಿನಿಂದ ಪಾರಾಗುವ ಹಾದಿಯು ಬೇರೊಂದು ಕಾರ್ಯದ ನಿಮಿತ್ತ ಸಿಕ್ಕಿತು. ೧೯೪೬ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಸ್ಟಾನಿಸ್ಲಾ ಉಲಾಮ್ ಎಂಬ ಗಣಿತಜ್ಞನು ಇಸ್ಪೀಟಿನ ಒಂಟಿಯಾಟವನ್ನು ಆಡುತ್ತ, ಆಟವು ಗೆಲ್ಲುವ ಸಂಭವವೆಷ್ಟೆಂದು ಯೋಚಿಸಿದನು. ಎಲ್ಲ ಹಂಚಿಕೆಗಳನ್ನೂ ಎಣಿಸುವುದು ಅಸಾಧ್ಯವೆಂದು ಕಂಡಿತು. ನೂರು ಸಲ ಆಡಿ, ಎಷ್ಟು ಸಲ ಗೆದ್ದಿತೆಂದು ನೋಡಿದರೆ ಸಾಕಲ್ಲವೇ ಎಂದು ತೋರಿತು. ಜಾನ್ ಫಾನ್ ನಾಯ್‌ಮನ್ ಇದನ್ನು ಗಣಕಯಂತ್ರದ ಕ್ರಮವಾಗಿ ಬೆಳೆಯಿಸಿದನು. ಜೂಜಿಗೆ ಹೆಸರಾದ ಊರಿನ ಹೆಸರನ್ನೇ ಇಟ್ಟು ಇದನ್ನು 'ಮಾಂಟೆ ಕಾರ್ಲೊ' ಕ್ರಮವೆಂದರು. ೧೯೪೯ರಲ್ಲಿ ಮೆಟ್ರೊಪೊಲಿಸ್ ಮತ್ತು ಉಲಾಮ್ ಇವರ ಲೇಖನವು ಆ ಹೆಸರಿನಿಂದಲೇ ಹೊರಬಿದ್ದಿತು. ಪ್ರಸ್ತಾರವನ್ನೆಲ್ಲ ಬರೆಯದೆ, ಅದರಿಂದ ಕಣ್ಣುಮುಚ್ಚಿ ಕೆಲವು ಸಾವಿರ ವಿನ್ಯಾಸಗಳನ್ನು ಹೆಕ್ಕಿ, ಅವುಗಳಿಂದ ಇಡಿಯ ಸ್ವಭಾವವನ್ನು ಊಹಿಸುವುದೇ ಇದರ ಸಾರ. ಅನ್ನವು ಬೆಂದಿತೇ ಎಂದು ನೋಡುವುದಕ್ಕೆ ಒಂದು ಅಗುಳನ್ನು ಹಿಸುಕುವ ಸ್ಥಾಲೀಪುಲಾಕ ನ್ಯಾಯವು ಇದಕ್ಕೆ ಸಮೀಪದ ಬಂಧು.

ಇಂದಿಗೂ ಮೊಬೈಲು ಜಾಲದ ಪರೀಕ್ಷೆಯು ಈ ಕ್ರಮದಿಂದಲೇ ನಡೆಯುವುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಐದನೆಯ ಪೀಳಿಗೆಗೆ ವಿಧಿಸಿದ ಪದ್ಧತಿಯನ್ನು ನೋಡಬಹುದು. ೧೯ ಟವರುಗಳನ್ನು ಜೇನುಹುಟ್ಟಿನಂತೆ ಇಡತಕ್ಕದ್ದು. ಒಂದೊಂದು ಟವರಿಗೆ ಮೂರು ದಿಕ್ಕುಗಳು, ಒಟ್ಟು ೫೭ ವಿಭಾಗಗಳು. ವಿಭಾಗಕ್ಕೆ ಹತ್ತು ಮಂದಿಯಂತೆ ೫೭೦ ಜನರನ್ನು ಬೀಜ ಎರಚಿದ ಹಾಗೆ ಎರಚತಕ್ಕದ್ದು. ಪ್ರತಿಯೊಬ್ಬನಿಗೂ ಎಷ್ಟು ವೇಗದಲ್ಲಿ ಸಂದೇಶವು ದೊರೆಯಿತೆಂದು ಎಣಿಸಿದ ಮೇಲೆ ಹೊಲವನ್ನು ಬರಿದುಮಾಡಿ ಮತ್ತೆ ಎರಚತಕ್ಕದ್ದು. ಹೀಗೆ ಪುನಃ ಪುನಃ ಮಾಡಿದ ಮೇಲೆ ಸರಾಸರಿಯನ್ನೂ ಕೊನೆಯವರ ಗತಿಯನ್ನೂ ಬರೆದಿಡತಕ್ಕದ್ದು.

ಇದಕ್ಕೆ ಬೇಕಾದ ಉಪಕರಣಗಳೂ ಕ್ರಮವಾಗಿ ಬೆಳೆದುವು. ೧೯೬೦ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನ್ಯುಗಾರ್ಡ್ ಎಂಬುವರು ಅನುಕರಣಕ್ಕೆಂದೇ 'ಸಿಮುಲಾ' ಎಂಬ ಗಣಕಭಾಷೆಯನ್ನು ನಿರ್ಮಿಸಿದರು. ೧೯೮೮ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಭಾರತೀಯರಾದ ಎಸ್. ಕೇಶವ್ ಅವರು 'ರಿಯಲ್' ಎಂಬ ಜಾಲಾನುಕರಣವನ್ನು ರಚಿಸಿದರು. ಅದರ ಸಂತಾನವೇ 'ಎನ್‌ಎಸ್' ಎಂಬುದು, ಅದರ ಮೂರನೆಯ ರೂಪವು ೨೦೦೮ರಲ್ಲಿ ಹೊರಬಂದು ಜಗತ್ತಿನ ವಿದ್ಯಾರ್ಥಿಗಳ ಕೈಸೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ಸಂಪರ್ಕ ಶಾಸ್ತ್ರಕ್ಕೆ ೧೯೪೬ರಿಂದಲೂ ಪ್ರತ್ಯೇಕ ವಿಭಾಗವುಂಟು; ಆ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಟೆಟ್ಕಾಸ್ ಎಂಬ ಕಂಪನಿಯು 'ನೆಟ್‌ಸಿಮ್' ಎಂಬ ಅನುಕರಣವನ್ನು ಬೆಳೆಯಿಸಿತು. ಹೀಗೆ ಈ ವಿದ್ಯೆಯ ಒಂದು ಕೊಂಬೆಯು ಕನ್ನಡ ನೆಲದಲ್ಲಿಯೂ ಬೇರುಬಿಟ್ಟಿದೆ.

೪

ಲೆಕ್ಕದ ಜನರನ್ನು ಎರಚಿದ ಮೇಲೆ ಅವರಿಗೂ ಟವರಿಗೂ ನಡುವೆ ತರಂಗವು ಎಷ್ಟು ಕ್ಷೀಣಿಸುವುದೆಂದು ಹೇಳಬೇಕಷ್ಟೆ. ಇದಕ್ಕೆ ಬಹುಕಾಲ ಆಧಾರವಾದುದು ಜಪಾನಿನ ಓಕುಮುರ ಎಂಬುವನೂ ಅವನ ಸಂಗಡಿಗರೂ ಟೋಕಿಯೋ ಪ್ರಾಂತದಲ್ಲಿ ಅಳೆದು ೧೯೬೮ರಲ್ಲಿ ಪ್ರಕಟಿಸಿದ ನಕ್ಷೆಗಳು. ೧೯೮೦ರಲ್ಲಿ ಹಾಟಾ ಎಂಬುವನು ಆ ನಕ್ಷೆಗಳನ್ನು ಸೂತ್ರಗಳಾಗಿ ಮಾರ್ಪಡಿಸಿದನು. ಆ ಸೂತ್ರಗಳ ರಚನೆಯು ಗಮನಿಸತಕ್ಕದ್ದಾಗಿದೆ. ಮೊದಲು ನಗರದ ನಷ್ಟವನ್ನು ಲೆಕ್ಕಹಾಕಬೇಕು. ಉಪನಗರವಾದರೆ ಅದರಿಂದ ಒಂದು ಸಂಖ್ಯೆಯನ್ನು ಕಳೆಯಬೇಕು. ಬಯಲಾದರೆ ಇನ್ನೂ ದೊಡ್ಡ ಸಂಖ್ಯೆಯನ್ನು ಕಳೆಯಬೇಕು. ಅಂದರೆ ಹಳ್ಳಿಯೆಂಬುದಕ್ಕೆ ಅಲ್ಲಿ ಸ್ವಂತ ಅಸ್ತಿತ್ವವಿಲ್ಲ. ನಗರದಿಂದ ಕಳೆದು ಉಳಿದ ಶೇಷವೇ ಹಳ್ಳಿ.

ಒಂದು ದೇಶದ ಅನುಭವವನ್ನು ಇನ್ನೊಂದು ದೇಶಕ್ಕೆ ಹೀಗೆ ಅಳವಡಿಸಿದರೆ ಬರುವ ತೊಡಕು ಭಾರತಕ್ಕೆ ಹೊಸದಲ್ಲ. ತಂತಿಯ ದೂರವಾಣಿಯ ಕಾಲದಲ್ಲಿಯೇ ಅದು ಕಂಡಿತು. ಪರದೇಶಗಳ ದೂರವಾಣಿ ಕೇಂದ್ರಗಳು ಮನೆಗೊಂದು ದೂರವಾಣಿಯಿದ್ದು ಪ್ರತಿಯೊಂದೂ ಸ್ವಲ್ಪಸ್ವಲ್ಪ ಮಾತನಾಡುವ ಸಮಾಜಕ್ಕೆ ರಚಿತವಾದುವು. ಭಾರತದಲ್ಲಿಯೋ ದೂರವಾಣಿಗಳು ವಿರಳ, ಒಂದೊಂದರ ಮೇಲಿನ ಭಾರವು ಅಧಿಕ. ಇದನ್ನು ಮನಗಂಡು ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ದೇಶದ ಧೂಳಿಗೂ ಬಿಸಿಲಿಗೂ ಕರೆಗಳ ಭಾರಕ್ಕೂ ತಕ್ಕಂತಹ, ತಂಪುಯಂತ್ರದ ಹಂಗಿಲ್ಲದ ಗ್ರಾಮೀಣ ಕೇಂದ್ರವನ್ನು ರಚಿಸಿತು. ೧೨೮ ಸಂಪರ್ಕಗಳ ಆ ಬಗೆಯ ಮೊದಲ ಕೇಂದ್ರವು ೧೯೮೬ರಲ್ಲಿ ಕಾರ್ಯಾರಂಭ ಮಾಡಿದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಕನ್ನಡ ನಾಡಿನ ಹಳ್ಳಿಯೊಂದನ್ನು ನಗರದ ಶೇಷವೆಂದೆಣಿಸದೆ, ಅದನ್ನೇ ಮೂಲವಾಗಿಟ್ಟುಕೊಂಡು ಯಂತ್ರವನ್ನು ಕಟ್ಟಿದ ದೃಷ್ಟಾಂತವಿದು.

೫

ಮೊಬೈಲಿನ ಕಾಲದಲ್ಲಿ ಆ ಪಾಠವು ಮತ್ತೆ ಕಲಿಯಬೇಕಾಗಿ ಬಂದಿತು. ನಾಲ್ಕನೆಯ ಪೀಳಿಗೆಯ ಪರೀಕ್ಷೆಗಾಗಿ ಒಕ್ಕೂಟವು ೨೦೦೮ರಲ್ಲಿ ಹೊರಡಿಸಿದ ನಿರ್ದೇಶದಲ್ಲಿ ಗ್ರಾಮಾಂತರದ ಟವರುಗಳ ನಡುವಣ ಅಂತರವು ೧೭೩೨ ಮೀಟರ್. ಅಲ್ಲಿಯ ಜನರೆಲ್ಲರೂ ವಾಹನಗಳಲ್ಲಿ ಗಂಟೆಗೆ ೧೨೦ ಕಿಲೋಮೀಟರ್ ವೇಗದಿಂದ ಹೋಗುತ್ತಿರುವವರು. ಆ ಪರೀಕ್ಷಾವಿಭಾಗದ ಹೆಸರೇ 'ಅತಿವೇಗ' ಎಂದಿತ್ತು. ಅದನ್ನು ಬರೆದವರ ಕಣ್ಣಿಗೆ ಹಳ್ಳಿಯೆಂಬುದು ಜನರು ಬಾಳುವ ಸ್ಥಳವಾಗಿರಲಿಲ್ಲ. ಊರಿಂದೂರಿಗೆ ಹೋಗುವವರು ದಾಟಿಹೋಗುವ ಹೆದ್ದಾರಿಯಾಗಿತ್ತು. ಹೊಲದ ಬದುವಿನ ಮೇಲೆ ನಡೆಯುವವನಾಗಲಿ, ಜಗಲಿಯ ಮೇಲೆ ಕುಳಿತವನಾಗಲಿ, ಪಡಸಾಲೆಯಲ್ಲಿ ಮಲಗಿದವನಾಗಲಿ ಆ ಲೆಕ್ಕದಲ್ಲಿ ಇರಲೇ ಇಲ್ಲ.

೧೭೩೨ ಮೀಟರಿನ ಅಂತರವೆಂದರೆ ಒಂದು ಟವರಿನ ಷಟ್ಕೋನಕ್ಕೆ ಕೇಂದ್ರದಿಂದ ಮೂಲೆಗೆ ೧ ಕಿಲೋಮೀಟರ್. ಕ್ಷೇತ್ರಫಲವು ಸುಮಾರು ೨.೬ ಚದರ ಕಿಲೋಮೀಟರ್. ಭಾರತದ ಗ್ರಾಮಗಳಿಗೆ ಇಷ್ಟು ಒತ್ತಾಗಿ ಟವರುಗಳನ್ನು ನಿಲ್ಲಿಸುವ ವೆಚ್ಚವನ್ನು ಯಾರು ಭರಿಸುವರು? ಆದರೆ ಟವರುಗಳು ವಿರಳವಾಗಿದ್ದರೆ ಯಾವ ವಿಧಾನವು ಚೆನ್ನಾಗಿ ನಡೆಯುವುದೆಂದು ಆ ಪರೀಕ್ಷೆಯು ಕೇಳಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸುವವರೂ ಇಲ್ಲ. ಕೃಷ್ಣದೇವರಾಯನ ಕಾಲದಲ್ಲಿ ೧೫೨೪ರ ಹೊತ್ತಿಗೆ ಹೊಸಪೇಟೆಯ ಬಳಿ ಅನಂತಶಯನನಿಗೆಂದು ಮಹತ್ತಾದ ಗುಡಿಯು ಎದ್ದಿತು; ಅದಕ್ಕೆಂದು ಕಡೆದ ಮೂರ್ತಿಯು ಮಾತ್ರ ಹೊಳಲಿನಲ್ಲಿಯೇ ಉಳಿಯಿತೆಂದು ಐತಿಹ್ಯವುಂಟು. ಒಕ್ಕೂಟದ ಲೆಕ್ಕವೂ ಅಂತಹ ಗುಡಿಯೇ ಆಗಿತ್ತು. ಅಳತೆಗಳೆಲ್ಲ ಸರಿಯಾಗಿದ್ದುವು, ಹಳ್ಳಿಯು ಮಾತ್ರ ಅದರೊಳಗೆ ಇರದೆ ತನ್ನ ಸ್ಥಳದಲ್ಲಿಯೇ ಇದ್ದಿತು.

ಈ ಕೊರತೆಯನ್ನು ಜಗತ್ತಿನ ಸಭೆಯಲ್ಲಿ ಎತ್ತಿ ಹೇಳಿದುದು ಭಾರತದ ದೂರಸಂಪರ್ಕ ಮಾನಕ ಸಂಘವಾದ ಟಿ.ಎಸ್.ಡಿ.ಎಸ್.ಐ. ೨೦೧೪ರಲ್ಲಿ ಸ್ಥಾಪಿತವಾದ ಈ ಸಂಘವು ಐದನೆಯ ಪೀಳಿಗೆಯ ಪರೀಕ್ಷಾಕ್ರಮವು ರಚಿತವಾಗುತ್ತಿದ್ದಾಗ ತನ್ನ ವಾದವನ್ನು ಮುಂದಿಟ್ಟಿತು. ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳುಂಟು. ಅವುಗಳಿಗೆ ಗಾಜಿನೆಳೆಯ ತಂತಿಯನ್ನು ಮುಟ್ಟಿಸುವ ಯೋಜನೆಯು ೨೦೧೧ರಲ್ಲಿಯೇ ಮಂಜೂರಾಗಿದೆ. ಪಂಚಾಯತಿಯ ಊರಿನಲ್ಲಿ ಒಂದು ಟವರು ನಿಂತರೆ ಅದು ಸುತ್ತಣ ಹಳ್ಳಿಗಳನ್ನೂ ಹೊಲಗಳನ್ನೂ ಮುಟ್ಟಬೇಕು. ಆದುದರಿಂದ ದೊಡ್ಡ ಕೋಶವನ್ನೂ ಮಂದಗತಿಯ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ವಾದವು ಫಲಿಸಿತು. ೨೦೧೭ರಲ್ಲಿ ಹೊರಬಿದ್ದ ಒಕ್ಕೂಟದ ನಿರ್ದೇಶದಲ್ಲಿ ಗ್ರಾಮಾಂತರಕ್ಕೆ ಮೂರನೆಯ ವಿನ್ಯಾಸವೊಂದು ಸೇರಿತು. ಟವರುಗಳ ಅಂತರ ೬೦೦೦ ಮೀಟರ್. ನೂರರಲ್ಲಿ ನಲವತ್ತು ಮಂದಿ ಮನೆಯೊಳಗೆ, ನಲವತ್ತು ಮಂದಿ ಹೊರಗೆ ನಡೆಯುವವರು, ಇಪ್ಪತ್ತು ಮಂದಿ ವಾಹನಗಳಲ್ಲಿ. ನಡೆಯುವವರ ವೇಗ ಗಂಟೆಗೆ ೩ ಕಿಲೋಮೀಟರ್, ವಾಹನಗಳ ವೇಗ ೩೦.

ಈ ತಿದ್ದುಪಡಿಯು ಎಷ್ಟು ದೊಡ್ಡದೆಂಬುದನ್ನು ಶಾಲೆಯ ರೇಖಾಗಣಿತದಿಂದಲೇ ಅರಿಯಬಹುದು. ಅಂತರವು ಸುಮಾರು ಮೂರೂವರೆ ಪಾಲಾದರೆ ಕ್ಷೇತ್ರಫಲವು ಅದರ ವರ್ಗದಂತೆ ಬೆಳೆಯುವುದು. ೬೦೦೦ ಮೀಟರಿನ ಅಂತರಕ್ಕೆ ಷಟ್ಕೋನದ ಕ್ಷೇತ್ರಫಲವು ಸುಮಾರು ೩೧ ಚದರ ಕಿಲೋಮೀಟರ್. ಮೊದಲಿನದರ ಹನ್ನೆರಡು ಪಾಲು. ಹಿಂದೆ ಹನ್ನೆರಡು ಟವರುಗಳು ಮಾಡುತ್ತಿದ್ದ ಕೆಲಸವನ್ನು ಒಂದು ಟವರು ಮಾಡಬಲ್ಲುದೇ ಎಂದು ಕೇಳಿದಂತಾಯಿತು. ಅದೂ ಐಚ್ಛಿಕವಾಗಿ ಅಲ್ಲ. ಅಭ್ಯರ್ಥಿ ವಿಧಾನವು ಈ ವಿನ್ಯಾಸದಲ್ಲಿಯೂ ನಿಯತವಾದ ಸರಾಸರಿಯನ್ನು ಮುಟ್ಟಲೇಬೇಕೆಂದು ವಿಧಿಸಲಾಯಿತು.

ಪ್ರಶ್ನೆಯು ಹುಟ್ಟಿದ ಮೇಲೆ ಉತ್ತರಗಳೂ ಹುಟ್ಟಿದುವು. ದೊಡ್ಡ ಕೋಶದಲ್ಲಿ ಕಷ್ಟವಿರುವುದು ಟವರಿನ ಕಡೆಯಿಂದಲ್ಲ, ಮೊಬೈಲಿನ ಕಡೆಯಿಂದ. ಟವರಿನ ಧ್ವನಿಯು ಹೊಲದ ಕೊನೆಗೂ ಕೇಳೀತು. ಹೊಲದಲ್ಲಿ ನಿಂತವನ ಕೈಯ ಯಂತ್ರದ ಬಲವು ಸಾಮಾನ್ಯವಾಗಿ ೨೦೦ ಮಿಲಿವಾಟ್ ಮಾತ್ರ, ಅದರ ಧ್ವನಿಯು ಟವರಿಗೆ ಕೇಳದು. ಹೈದರಾಬಾದಿನ ಐ.ಐ.ಟಿ.ಯವರು ತರಂಗದ ಏರಿಳಿತಗಳನ್ನು ತಗ್ಗಿಸುವ ರೂಪಣಕ್ರಮವೊಂದನ್ನು ಬೆಳೆಯಿಸಿದರು. ತರಂಗವು ಸಮನಾಗಿದ್ದರೆ ಅದೇ ಯಂತ್ರವು ಕೆಡದೆ ೪೦೦ ಮಿಲಿವಾಟ್ ಬಲದಿಂದ ಕೂಗಬಲ್ಲುದು. ಇಂತಹ ತಿದ್ದುಪಡಿಗಳನ್ನೊಳಗೊಂಡ ಭಾರತದ ವಿಧಾನವು '೫ಜಿ-ಐ' ಎಂಬ ಹೆಸರಿನಿಂದ ೨೦೨೧ರ ಫೆಬ್ರವರಿಯಲ್ಲಿ ಒಕ್ಕೂಟದ ಮನ್ನಣೆಯನ್ನು ಪಡೆಯಿತು.

ಇಲ್ಲಿಗೆ ವಿವಾದವು ಮುಗಿಯಲಿಲ್ಲ. ಒಂದು ದೇಶಕ್ಕೆಂದು ಬೇರೆ ಮಾನಕವನ್ನಿಟ್ಟರೆ ಮೊಬೈಲುಗಳ ಬೆಲೆ ಹೆಚ್ಚುವುದೆಂದೂ ಪರದೇಶದ ಯಂತ್ರಗಳು ಇಲ್ಲಿ ಹೊಂದಿಕೊಳ್ಳಲಾರವೆಂದೂ ದೂರವಾಣಿ ಕಂಪನಿಗಳು ಆಕ್ಷೇಪಿಸಿದುವು. ಆ ಆಕ್ಷೇಪವನ್ನು ತಳ್ಳಿಹಾಕುವಂತಿರಲಿಲ್ಲ; ಹಳ್ಳಿಯವನ ಹಿತಕ್ಕೆಂದು ರಚಿಸಿದ ವಿಧಾನವು ಅವನ ಕೈಗೆಟುಕದ ಬೆಲೆಯ ಮೊಬೈಲನ್ನು ಬೇಡಿದರೆ ಆ ಹಿತವೆಲ್ಲಿ? ೨೦೨೧ರ ಕೊನೆಯಲ್ಲಿ ಎರಡು ಪಕ್ಷಗಳೂ ಒಪ್ಪಂದಕ್ಕೆ ಬಂದು, ೫ಜಿ-ಐ ವಿಧಾನದ ಅಂಶಗಳನ್ನು ಸಾರ್ವದೇಶಿಕ ಮಾನಕದ ಹದಿನೇಳನೆಯ ಆವೃತ್ತಿಯಲ್ಲಿಯೇ ಸೇರಿಸುವುದೆಂದು ತೀರ್ಮಾನವಾಯಿತು. ಉಪನದಿಯು ತನ್ನ ಹೆಸರನ್ನು ಕಳೆದುಕೊಂಡು ಹೊಳೆಯನ್ನು ಸೇರಿದಂತೆ ಅದು ಸೇರಿಹೋಯಿತು. ೨೦೨೨ರ ಮೇ ೧೭ರಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳು ೨೨೦ ಕೋಟಿಗೂ ಮಿಕ್ಕ ವೆಚ್ಚದಲ್ಲಿ ಕಟ್ಟಿದ ಐದನೆಯ ಪೀಳಿಗೆಯ ಪರೀಕ್ಷಾವೇದಿಕೆಯು ಉದ್ಘಾಟಿತವಾಯಿತು. ಅದೇ ವರ್ಷದ ಅಕ್ಟೋಬರ್ ೧ರಂದು ದೇಶದಲ್ಲಿ ಐದನೆಯ ಪೀಳಿಗೆಯ ಸೇವೆಯು ಆರಂಭವಾಯಿತು.

೬

ತರ್ಕವನ್ನು ಓದುವ ಬಾಲಕರಿಗೆ ಮೊದಲು ಕಲಿಸುವ ಮಾತೊಂದುಂಟು. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ವ್ಯಾಪ್ತಿಯು ನಿರ್ದುಷ್ಟವಾದುದು. ಬೆಂಕಿಯಿದ್ದಲ್ಲಿ ಹೊಗೆಯಿರುವುದೆಂಬುದು ಹಾಗಲ್ಲ. ಅಲ್ಲಿ ಹಸಿಯ ಸೌದೆಯೆಂಬ ಉಪಾಧಿಯು ಅಡಗಿದೆ. ಕಾಯಿಸಿದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಅನುಮಾನವು ಕೆಡುವುದು ತರ್ಕದ ಹಾದಿಯಲ್ಲಿ ಎಡವುವುದರಿಂದಲ್ಲ. ಹೇಳದೆ ಒಳಗೆ ಸೇರಿಕೊಂಡ ಉಪಾಧಿಯಿಂದ. ಅನುಕರಣವೂ ಒಂದು ಮಹತ್ತಾದ ಅನುಮಾನವೇ. ಗಣಕಯಂತ್ರವು ಲೆಕ್ಕದಲ್ಲಿ ತಪ್ಪುವುದಿಲ್ಲ. ಅದಕ್ಕೆ ಕೊಟ್ಟ ಹಳ್ಳಿಯಲ್ಲಿ ಉಪಾಧಿಯಿದ್ದರೆ ಅದು ಬಲು ಸೊಗಸಾಗಿ, ದಶಮಾಂಶದ ಮೂರು ಸ್ಥಾನಗಳವರೆಗೆ, ಅಸತ್ಯವನ್ನು ನುಡಿಯುವುದು.

೨೦೧೭ರ ತಿದ್ದುಪಡಿಯಿಂದ ದೊಡ್ಡದೊಂದು ಉಪಾಧಿಯು ಬಯಲಿಗೆ ಬಂದಿತು. ಉಳಿದುವೂ ಉಂಟು. ಆ ಗ್ರಾಮಾಂತರ ಸೂತ್ರದಲ್ಲಿ ಬೀದಿಯ ಅಗಲವನ್ನು ೨೦ ಮೀಟರ್ ಎಂದು ಹಿಡಿದಿದೆ. ಸೂತ್ರವು ಸಲ್ಲುವ ಮಿತಿಯೇ ೫ ಮೀಟರಿನಿಂದ ೫೦ ಮೀಟರ್. ಎರಡು ಎತ್ತಿನ ಗಾಡಿಗಳು ಎದುರುಬದುರಾಗಿ ದಾಟಲಾರದ ಹಳೆಯ ಓಣಿಗಳು ಆ ಸೂತ್ರದ ಹೊರಗೇ ಬೀಳುತ್ತವೆ. ಮನೆಯ ಗೋಡೆಯೊಳಗೆ ತರಂಗವು ಎಷ್ಟು ನುಗ್ಗುವುದೆಂದು ಹೇಳುವ ಕೋಷ್ಟಕದಲ್ಲಿ ಗಾಜು, ಕಾಂಕ್ರೀಟು, ಮರ ಇವುಗಳಿವೆ. ಬಳ್ಳಾರಿ ಸೀಮೆಯ ಬಯಲಿನಲ್ಲಿ ತಲೆಮಾರುಗಳಿಂದ ಕಟ್ಟಿದ ದಪ್ಪ ಮಣ್ಣಿನ ಗೋಡೆಗೂ ಮಣ್ಣಿನ ಮಾಳಿಗೆಗೂ ಅಲ್ಲಿ ಸ್ಥಾನವಿಲ್ಲ. ಜನರನ್ನು ನೆಲದ ಮೇಲೆ ಸಮನಾಗಿ ಎರಚುವ ಕ್ರಮವೂ ಹೀಗೆಯೇ. ಈ ಸೀಮೆಯ ಜನರು ಹೊಲಹೊಲಕ್ಕೆ ಒಂದೊಂದು ಮನೆಯನ್ನು ಕಟ್ಟಿಕೊಂಡು ಇರುವವರಲ್ಲ. ಒಂದೆಡೆ ಒತ್ತಾಗಿ ಊರನ್ನು ಕಟ್ಟಿ, ಸುತ್ತಲೂ ಹೊಲಗಳನ್ನು ಬಿಟ್ಟು, ಬೆಳಗ್ಗೆ ಹೊರಗೆ ಹೋಗಿ ಸಂಜೆಗೆ ಒಳಗೆ ಬರುವವರು. ಟವರಿನ ಮೇಲಿನ ಭಾರವು ದಿನಕ್ಕೆರಡು ಸಲ ಸ್ಥಳಾಂತರ ಹೊಂದುವುದು.

ಎಲ್ಲಕ್ಕಿಂತಲೂ ಗುರುತರವಾದುದು ಸರಾಸರಿಯ ಪ್ರಶ್ನೆ. ಒಕ್ಕೂಟದ ನಿಯಮದಂತೆ ಗ್ರಾಮಾಂತರದಲ್ಲಿ ಟವರಿನಿಂದ ಜನರ ಕಡೆಗೆ, ಒಂದು ವಿಭಾಗಕ್ಕೆ ಪ್ರತಿ ಹರ್ಟ್ಸಿಗೆ ಸೆಕೆಂಡಿಗೆ ಸರಾಸರಿ ೩.೩ ಬಿಟ್ಟುಗಳು ದೊರೆಯಬೇಕು. ಹತ್ತು ಮಂದಿಗೆ ಹಂಚಿದರೆ ತಲೆಗೆ ೦.೩೩. ಇದರೊಡನೆ, ನೂರು ಮಂದಿಯನ್ನು ವೇಗದ ಕ್ರಮದಲ್ಲಿ ನಿಲ್ಲಿಸಿ ಕೊನೆಯ ಐವರನ್ನು ಬಿಟ್ಟರೆ ಉಳಿದವರಲ್ಲಿ ಕಡೆಯವನಿಗೆ ೦.೧೨ ಬಿಟ್ಟುಗಳಾದರೂ ಸಿಕ್ಕಬೇಕೆಂದು ಇನ್ನೊಂದು ನಿಯಮವುಂಟು. ಸರಾಸರಿಯ ನಿಯಮವನ್ನು ೬೦೦೦ ಮೀಟರಿನ ವಿನ್ಯಾಸದಲ್ಲಿಯೂ ಮುಟ್ಟಬೇಕು. ಕೊನೆಯವನ ನಿಯಮವನ್ನು ೧೭೩೨ ಮೀಟರಿನ ವಿನ್ಯಾಸದಲ್ಲಿ ಮುಟ್ಟಿದರೆ ಸಾಕು. ಅಂದರೆ ಭಾರತದ ಹಳ್ಳಿಯು ಲೆಕ್ಕದೊಳಗೆ ಬಂದಿತು. ಆ ಹಳ್ಳಿಯ ಕೊನೆಯ ಮನೆಯವನು ಮಾತ್ರ ಇನ್ನೂ ಹೊರಗೆ ನಿಂತಿರುವನು. ಟವರಿನ ಕೆಳಗಿನ ಅಂಗಡಿಯವನಿಗೆ ಬೇಕಾದಷ್ಟು ಸಿಕ್ಕಿ, ಮೂರು ಕಿಲೋಮೀಟರ್ ದೂರದ ಹೊಲದಲ್ಲಿರುವವನಿಗೆ ಏನೂ ಸಿಕ್ಕದಿದ್ದರೂ ಸರಾಸರಿಯು ತಲೆಯೆತ್ತಿ ನಿಲ್ಲಬಲ್ಲುದು. ಪಂಕ್ತಿಯ ಮೊದಲಲ್ಲಿ ಕುಳಿತವರ ಎಲೆಯನ್ನು ನೋಡಿ ಊಟವು ಸಮೃದ್ಧವಾಯಿತೆಂದು ಹೇಳುವ ಗೃಹಸ್ಥನನ್ನು ಯಾರೂ ಮೆಚ್ಚುವುದಿಲ್ಲ. ಬಡಿಸುವವನ ಯೋಗ್ಯತೆಯು ತಿಳಿಯುವುದು ಪಂಕ್ತಿಯ ಕೊನೆಯಲ್ಲಿ.

ಸಂಜೆಯ ಹೊತ್ತು ಹೊಲದಲ್ಲಿ ಹಾವು ಕಚ್ಚಿದವನು ಊರಿಗೆ ಸುದ್ದಿ ಮುಟ್ಟಿಸಬೇಕಾದರೆ, ಹೊಳೆಯು ಏರುತ್ತಿರುವ ರಾತ್ರಿ ದಂಡೆಯ ಜನರು ಒಬ್ಬರನ್ನೊಬ್ಬರು ಎಚ್ಚರಿಸಬೇಕಾದರೆ, ಸರಾಸರಿಯಿಂದ ಉಪಯೋಗವಿಲ್ಲ. ಆ ಗಳಿಗೆಯಲ್ಲಿ ಜಾಲದ ಯೋಗ್ಯತೆಯೆಲ್ಲವೂ ಆ ಕೊನೆಯ ಒಬ್ಬನ ಕರೆಯ ಮೇಲೆ ನಿಂತಿರುವುದು.

೭

ಈ ಚರಿತ್ರೆಯ ಮುಂದಿನ ಅಧ್ಯಾಯವು ಇನ್ನೂ ಬರೆಯಲ್ಪಡಬೇಕಾಗಿದೆ. ೨೦೨೩ರಲ್ಲಿ ಒಕ್ಕೂಟವು ಆರನೆಯ ಪೀಳಿಗೆಯ ಚೌಕಟ್ಟನ್ನು ಪ್ರಕಟಿಸಿತು. ಅದರಲ್ಲಿ ಹೇಳಿದ ಆರು ಉಪಯೋಗಗಳಲ್ಲಿ 'ಸರ್ವತ್ರ ಸಂಪರ್ಕ'ವೆಂಬುದೂ ಒಂದು. ಸರ್ವತ್ರವೆಂಬ ಶಬ್ದವನ್ನು ಬರೆಯುವುದು ಸುಲಭ; ಆ ಶಬ್ದಕ್ಕೆ ಅರ್ಥವು ಬರುವುದು ಪರೀಕ್ಷೆಯ ವಿನ್ಯಾಸದಲ್ಲಿ ಹಳ್ಳಿಯನ್ನು ಹೇಗೆ ವರ್ಣಿಸುವರೆಂಬುದರಿಂದ. ೨೦೦೮ರ ಹಳ್ಳಿಯಲ್ಲಿ ಮನೆಯೇ ಇರಲಿಲ್ಲ. ೨೦೧೭ರ ಹಳ್ಳಿಯಲ್ಲಿ ಮನೆಯೂ ನಡೆಯುವವನೂ ಬಂದರು. ಮುಂದಣ ಹಳ್ಳಿಯಲ್ಲಿ ಓಣಿಯೂ ಮಣ್ಣಿನ ಗೋಡೆಯೂ ಜಾತ್ರೆಯ ದಿನವೂ ಕೊನೆಯ ಮನೆಯವನೂ ಬರಬೇಕಾದರೆ ಅವುಗಳನ್ನು ಕಂಡವರು, ಅಳೆದವರು ಆ ಸಭೆಯಲ್ಲಿ ಮಾತನಾಡಬೇಕು. ಟಿ.ಎಸ್.ಡಿ.ಎಸ್.ಐ. ಗೆದ್ದುದು ವಾಕ್ಚಾತುರ್ಯದಿಂದಲ್ಲ; ಪಂಚಾಯತಿಗಳೆಷ್ಟು, ಅವುಗಳ ನಡುವಣ ದೂರವೆಷ್ಟು ಎಂಬ ಸಂಖ್ಯೆಗಳನ್ನು ಮುಂದಿಟ್ಟುದರಿಂದ.

ಅನುಮಾನಕ್ಕೆ ಪ್ರತ್ಯಕ್ಷವೇ ಮೂಲವೆಂದು ಶಾಸ್ತ್ರಕಾರರೂ ಒಪ್ಪಿರುತ್ತಾರೆ. ಅಡಿಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನೇ ಪರ್ವತದ ಮೇಲಿನ ಬೆಂಕಿಯನ್ನು ಊಹಿಸಬಲ್ಲನು. ಇಂದು ಈ ಸೀಮೆಯ ಮಕ್ಕಳೂ ಯಂತ್ರಶಾಸ್ತ್ರವನ್ನು ಓದುವುದುಂಟು. ಅನುಕರಣದ ಉಪಕರಣಗಳಲ್ಲಿ ಕೆಲವು ಯಾರಿಗೂ ಬಿಟ್ಟಿಯಾಗಿ ದೊರೆಯುತ್ತವೆ. ತರಂಗದ ಬಲವನ್ನು ಕೈಯ ಮೊಬೈಲೇ ಅಳೆದು ತೋರಿಸಬಲ್ಲುದು. ಒಂದು ಊರಿನ ಓಣಿಗಳಲ್ಲಿ, ಪಡಸಾಲೆಗಳಲ್ಲಿ, ಹೊಲದ ಕೊನೆಯ ಬದುವಿನಲ್ಲಿ, ಜಾತ್ರೆಯ ದಿನದಲ್ಲಿಯೂ ಸಾಮಾನ್ಯ ದಿನದಲ್ಲಿಯೂ ಅಳೆದು ಬರೆದಿಟ್ಟ ಒಂದು ಪಟ್ಟಿಯು ಸಣ್ಣದಾಗಿ ಕಂಡರೂ ಸಣ್ಣದಲ್ಲ. ಓಕುಮುರನ ನಕ್ಷೆಗಳೂ ಬೀದಿಬೀದಿಯಲ್ಲಿ ಅಳೆದು ಬರೆದಿಟ್ಟ ಪಟ್ಟಿಗಳಿಂದಲೇ ಹುಟ್ಟಿದುವು. ಅರ್ಧ ಶತಮಾನಕ್ಕೂ ಹೆಚ್ಚುಕಾಲ ಜಗತ್ತಿನ ಲೆಕ್ಕದೊಳಗೆ ಟೋಕಿಯೋದ ಬೀದಿಗಳು ಉಳಿದುಬಂದುದು ಅವುಗಳಿಂದ. ತುಂಗಭದ್ರೆಯ ದಂಡೆಯ ಊರುಗಳಿಗೂ ಆ ಲೆಕ್ಕದಲ್ಲಿ ಸ್ಥಳವಿದೆ. ಅಳೆದು ತಂದವರಿಗೆ ಅದು ದೊರೆಯುವುದು.